ಗೋವಿನಜೋಳದ ಎತ್ತರ

ನನ್ನ ಹಳೆಯ ವಿದ್ಯಾರ್ಥಿನಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳಿ ಉಪಯೋಗವಿಲ್ಲ. ಸವಣೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದಾಗ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು, ವೀಳ್ಯದೆಲೆ ವ್ಯಾಪಾರಸ್ಥರ ಮನೆಯ ಮಗಳು. ಶನಿಗ್ರಹದ ಬಳೆಯನ್ನು ಅವಳಿಗೆ ಮೊದಲು ತೋರಿಸಿದ್ದು ನಾನು. ಈಗ ಅವಳೂ ಅದೇ ಊರಲ್ಲಿ ಗಣಿತದ ಟೀಚರು. ನಾನು ನಿವೃತ್ತನಾಗಿ ಹಾನಗಲ್ಲಿನಲ್ಲಿದ್ದೇನೆ, ಮಾಳಿಗೆಯ ಮೇಲೊಂದು ಹಳೆಯ ದುರ್ಬೀನು ಇಟ್ಟುಕೊಂಡು. ಇಪ್ಪತ್ತು ವರ್ಷ ಅದನ್ನು ಬಸ್ಸಿನಲ್ಲಿ ಹೊತ್ತು ಶಿಗ್ಗಾವಿ, ಬಂಕಾಪುರ ಎಂದು ಶಾಲೆ ಶಾಲೆ ಅಲೆದಿದ್ದೇನೆ. ಈ ಕಡೆ ಆಕಾಶದ ಮಾತು ಬಂದರೆ ನನ್ನ ಹೆಸರೇ ಬರಬೇಕು ಎಂಬ ಹಮ್ಮು ನನಗಿತ್ತು.

ಒಂದು ಚಳಿಗಾಲ ಅವಳು ನಮ್ಮ ಮನೆಗೆ ಬಂದು ಹೊಸ ಸುದ್ದಿ ಹೇಳಿದಳು. ಹಿರೇಕೆರೂರಿನ ಆಚೆ ಅವಳ ಮಾಮುವಿನ ಹೊಲವಿದೆ. ಸುತ್ತ ಒಂದು ದೀಪವೂ ಇಲ್ಲ. ಪಂಪಿನ ಶೆಡ್ಡಿನ ಪಕ್ಕದಲ್ಲಿ ದುರ್ಬೀನು ನಿಲ್ಲಿಸಿ, ಅದಕ್ಕೆ ಮೋಟಾರು, ಕ್ಯಾಮೆರಾ, ತಾನಾಗಿ ಸರಿಯುವ ತಗಡಿನ ಮುಚ್ಚಳ ಕೂರಿಸಿ, ಎಲ್ಲವನ್ನೂ ಸವಣೂರಿನ ಮನೆಯ ಕಂಪ್ಯೂಟರಿನಿಂದಲೇ ಆಡಿಸುತ್ತಾಳಂತೆ. ಹೊತ್ತು ಮುಳುಗಿದ ಮೇಲೆ ಹೆಣ್ಣುಮಗಳು ಹೊಲದಲ್ಲಿ ಒಬ್ಬಳೇ ಕೂರುವ ಮಾತು ಅವರ ಮನೆಯಲ್ಲಿರಲಿ, ನಮ್ಮ ಮನೆಯಲ್ಲೂ ಇಲ್ಲ. ಅವಳಿಗಿದ್ದದ್ದು ಇದೊಂದೇ ದಾರಿ. ಅದು ನನಗೆ ಅರ್ಥವಾಗಿತ್ತು. ಆದರೂ ಕೊಳವೆಗೆ ಕಣ್ಣು ಹಚ್ಚದೆ ನೋಡುವುದು ನೋಡುವುದೇ ಅಲ್ಲ ಎಂದು ಮುಖ ಗಂಟು ಹಾಕಿಕೊಂಡು ಹೇಳಿದೆ. ನಿಜವಾಗಿ ಚುಚ್ಚಿದ್ದು ಬೇರೆ. ಯಾವ ಮಸೂರ, ಯಾವ ವೈರು, ಧ್ರುವನಕ್ಷತ್ರಕ್ಕೆ ಹೇಗೆ ಹೊಂದಿಸಬೇಕು, ಎಲ್ಲವನ್ನೂ ಅವಳು ನನ್ನನ್ನು ಕೇಳದೆಯೇ ಕಲಿತುಬಿಟ್ಟಿದ್ದಳು.

ಬೇಸಿಗೆಯಲ್ಲಿ ದುರ್ಬೀನು ಕೂರಿಸುವ ಕಂಬ ಕಟ್ಟಿಸುವ ದಿನ ನನ್ನನ್ನೂ ಕರೆದಳು. ಮಳೆ ಬಿದ್ದ ಮೇಲೆ ಗೋವಿನಜೋಳ ಬಿತ್ತಲೆಂದು ಹೊಲ ಹರಗಿ ಬಿಟ್ಟಿದ್ದರು, ಕಣ್ಣು ಹಾಯುವವರೆಗೆ ಬರೀ ಕರಿಮಣ್ಣು. ಗೌಂಡಿ ಸಿಮೆಂಟು ಕಲಸುತ್ತಿದ್ದ. ಅವಳು ನೋಟ್‌ಬುಕ್ಕು ಬಿಡಿಸಿಕೊಂಡು ಹತ್ತಿರ ಬಂದಳು.

"ಕಂಬ ಎಷ್ಟ ಎತ್ತರ ಇರಬೇಕು ನೀವ ಹೇಳ್ರಿ ಸರ್. ನಿಮ್ಮ ಬಾಯಿಂದ ಬರ್ಲಿ."

"ನಡಮಟ್ಟ ಸಾಕವಾ," ಎಂದು ಸೊಂಟ ಮುಟ್ಟಿ ತೋರಿಸಿದೆ.

ಅವಳು ಬರೆದುಕೊಂಡಳು. ಮಾಮುವಿಗೆ ಗೋವಿನಜೋಳ ಗೊತ್ತು, ದುರ್ಬೀನು ಗೊತ್ತಿಲ್ಲ. ಅವಳಿಗೆ ದುರ್ಬೀನು ಗೊತ್ತು, ಗೋವಿನಜೋಳ ಗೊತ್ತಿಲ್ಲ. ಎರಡೂ ಗೊತ್ತಿದ್ದವನು ನಾನೊಬ್ಬನೇ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು; ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೆಳೆ ಆಳೆತ್ತರ ಮೀರಿ ನಿಲ್ಲುತ್ತದೆ, ಪಡುವಣದ ಕೆಳ ಆಕಾಶವನ್ನೆಲ್ಲ ನುಂಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಶೆಡ್ಡಿನ ಮಾಳಿಗೆಯ ಮೇಲೆ ಇಡು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಆ ಬೇಸಿಗೆ ಅವಳು ತೆಗೆದ ಚಿತ್ರಗಳು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೊಂದು ಬಂದವು. ಒಂದೊಂದಕ್ಕೂ ಎಲ್ಲರೂ ಕೈ ಮುಗಿದರು. ನನ್ನ ಹೆಂಡತಿ ಅದರಲ್ಲೊಂದನ್ನು ತನ್ನ ಫೋನಿನ ಮುಖಕ್ಕೇ ಹಾಕಿಕೊಂಡಳು. ನಾನು ಎರಡು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮಳೆ ಹಿಡಿಯಿತು. ತಗಡಿನ ಮುಚ್ಚಳ ನಾಲ್ಕು ತಿಂಗಳು ತೆರೆಯಲೇ ಇಲ್ಲ.

ದಸರೆ ಮುಗಿದು ಆಕಾಶ ತಿಳಿಯಾದಾಗ ಒಂದು ಧೂಮಕೇತು ಬಂತು. ಸಂಜೆ, ಪಡುವಣದಲ್ಲಿ, ತೀರ ಕೆಳಗೆ. ಓಣಿಯ ಹೆಣ್ಣುಮಕ್ಕಳಿಗೆಲ್ಲ ತೋರಿಸುತ್ತೇನೆ ಎಂದು ಅವಳು ಕರೆದಿದ್ದಳು, ನನಗೂ ಹೇಳಿಕಳಿಸಿದಳು. ಹೋಗಬಾರದಿತ್ತು, ಹೋದೆ. ಅವಳ ಮನೆಯ ಕೋಣೆಯ ತುಂಬ ಹೆಂಗಸರು, ನನ್ನ ಕೈಗೆ ಒಂದು ತಟ್ಟೆ ಖಾರದ ತಿಂಡಿ. ಅವಳು ಗುಂಡಿ ಒತ್ತಿದಳು. ದೂರದ ಹೊಲದಲ್ಲಿ ಮುಚ್ಚಳ ಸರಿಯಿತು, ದುರ್ಬೀನು ಪಡುವಣಕ್ಕೆ ತಿರುಗಿತು. ಪರದೆಯ ಮೇಲೆ ಕಪ್ಪಗೆ ಏನೋ ಅಲ್ಲಾಡಿತು. ಮೋಡವಿರಬೇಕೆಂದು ಅವಳು ಕ್ಯಾಮೆರಾ ಸರಿಪಡಿಸಿದಳು, ಮತ್ತೆ ತಿರುಗಿಸಿದಳು. ಕೊನೆಗೆ ಅವಳ ಅಮ್ಮಿಯೇ ಕನ್ನಡಕ ಏರಿಸಿ ನೋಡಿ, ಅದು ಗೋವಿನಜೋಳದ ತುರಾಯಿ ಎಂದರು. ಹೆಂಗಸರು ನಕ್ಕರು. ನನಗೆ ಒಳಗೊಳಗೇ ಹಿಗ್ಗಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಅವಳು ನಗಲಿಲ್ಲ. ಕಪಾಟಿನಿಂದ ಆ ನೋಟ್‌ಬುಕ್ಕು ತೆಗೆದು ಕಂಬದ ಎತ್ತರ ಬರೆದ ಹಾಳೆ ತಿರುವಿದಳು. ಸರ್ ಇಂಥ ತಪ್ಪು ಮಾಡುವವರಲ್ಲ, ಬರೆದುಕೊಳ್ಳುವಾಗ ನಾನೇ ಎಡವಿರಬೇಕು ಎಂದು ಎಲ್ಲರೆದುರು ಹೇಳಿದಳು. ನಾನು ತಟ್ಟೆ ಕೆಳಗಿಟ್ಟೆ.

"ನೀ ಬರಕೊಂಡದ್ದು ಬರೊಬ್ಬರಿ ಐತಿ," ಎಂದೆ. "ನಾನ ಬೇಕಂತ ತಪ್ಪ ಹೇಳಿದ್ದೆ. ಜ್ವಾಳ ಎಷ್ಟ ಬೆಳಿತೈತಿ ಅಂತ ನಂಗ ಗೊತ್ತಿತ್ತು."

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು. ನೋಟ್‌ಬುಕ್ಕು ಮುಚ್ಚಿ ಪರದೆಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಧೂಮಕೇತು ಇನ್ನ ನಾಕ ದಿನ ಇರ್ತೈತಿ ಸರ್. ನಾಳೆ ನೀವ ಹೋಗಿ ಕೊಯ್ರಿ. ಎಲ್ಲಿ ಕೊಯ್ಬೇಕು, ನಾ ಇಲ್ಲಿಂದ ಹೇಳ್ತೇನಿ."

ಮರುದಿನ ಇಳಿಹೊತ್ತಿಗೆ ಕುಡಗೋಲು ಹಿಡಿದು ಆ ಹೊಲದಲ್ಲಿ ನಿಂತಿದ್ದೆ. ಮಾಮುವಿನಿಂದ ಹೊಲವನ್ನು ಗೇಣಿಗೆ ಹಿಡಿದಿದ್ದ ರೈತನ ಅಪ್ಪಣೆ ಕೇಳಿದ್ದೆ. ತೆನೆ ಬಲಿತಿವೆ, ತೆನೆಯ ಮೇಲಿನ ತುದಿಯಷ್ಟೇ ಕೊಯ್ದರೆ ತನ್ನ ಎಮ್ಮೆಗೆ ಮೇವಾಯಿತು ಎಂದು ಅವನು ಒಪ್ಪಿದ್ದ. ಕಿವಿಯಲ್ಲಿ ಫೋನು. ಎಡಕ್ಕೆ, ಬಲಕ್ಕೆ, ಇನ್ನೂ ನಾಲ್ಕು ಸಾಲು ಮುಂದೆ ಎಂದು ಅವಳು ಸವಣೂರಿನಿಂದ ಹೇಳುತ್ತಿದ್ದಳು, ನಾನು ಹೇಳಿದತ್ತ ತಿರುಗಿ ಕೊಯ್ಯುತ್ತಿದ್ದೆ. ಎಲೆಯ ಅಂಚಿಗೆ ಕೈಯೆಲ್ಲ ಗೀರಾಯಿತು. ಹೊತ್ತು ಮುಳುಗಿತು. ಬೆನ್ನ ಹಿಂದೆ ದುರ್ಬೀನಿನ ಮೋಟಾರು ಗುಂಯ್‌ಗುಟ್ಟಿತು. ಸೊಂಟ ನೆಟ್ಟಗೆ ಮಾಡಿ ತಲೆಯೆತ್ತಿದರೆ, ಕೊಯ್ದ ಸಾಲುಗಳ ಮೇಲೆ ಬರಿಗಣ್ಣಿಗೇ ಕಾಣುವಂತೆ ಅದು ನಿಂತಿತ್ತು, ಉದ್ದ ಬಾಲ ಬಿಟ್ಟುಕೊಂಡು. ಸುತ್ತ ಹರದಾರಿಯಲ್ಲಿ ಅದನ್ನು ನೋಡುತ್ತಿದ್ದವನು ನಾನೊಬ್ಬನೇ. ಫೋನಿನಲ್ಲಿ ಹೆಂಗಸರ ಗುಜುಗುಜು ಕೇಳುತ್ತಿತ್ತು. ಆ ಕೋಣೆಯಲ್ಲಿ, ಅವಳ ಪಕ್ಕದಲ್ಲಿ ಕೂತವರನ್ನು ನೆನೆದು ನನಗೆ ಆಗಲೂ ಹೊಟ್ಟೆ ಉರಿಯಿತು.

"ಸರ್," ಎಂದಳು. "ಸ್ವಲ್ಪ ಕೆಳಗ ಕೂಡ್ರಿ. ನಿಮ್ಮ ತಲಿ ಅಡ್ಡ ಬಂದೈತಿ."

ಕೂತೆ.