ಇಬ್ಬರಿಗೂ ಬಂದಿದ್ದ ಜ್ವರ

ನನಗೆ ಏಳು ವರ್ಷ, ತಂಗಿಗೆ ನಾಲ್ಕು ಇದ್ದಾಗ ಇಬ್ಬರಿಗೂ ಒಟ್ಟಿಗೇ ಜ್ವರ ಬಂತು. ಅರವತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯ ಹಳ್ಳಿ ನಮ್ಮದು. ಮಳೆಗಾಲ ಮುಗಿಯುತ್ತಾ ಬಂದಿತ್ತು, ಹೊಲದಲ್ಲಿ ರಾಗಿ ತೆನೆ ಒಡೆಯುತ್ತಿತ್ತು. ಜ್ವರ ಅಂಥ ದೊಡ್ಡದೇನಲ್ಲ. ಒಂದಿಷ್ಟು ಗಂಟಲು ನೋವು, ಹೊಟ್ಟೆ ಕೆಟ್ಟಿತ್ತು, ಅಷ್ಟೆ. ಅವ್ವ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಮಲಗಿಸಿ ಗಂಜಿ ಕುಡಿಸಿದಳು. ಸ್ವಲ್ಪ ದಿನಕ್ಕೆ ಇಬ್ಬರೂ ಎದ್ದು ಬೀದಿಗಿಳಿದೆವು. ಮನೆಯಲ್ಲಿ ಎಲ್ಲರೂ ಆ ಜ್ವರವನ್ನು ಮರೆತರು.

ಅದೇ ವಾರ ಪಿತೃಪಕ್ಷ. ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ತವರಿಗೆ ಹೋದಳು. ಹಬ್ಬ ಮುಗಿಸಿ ಹಿಂದಿರುಗುವ ದಿನ ಬಸ್ಸು ಬರಲಿಲ್ಲ. ಆ ರಸ್ತೆಗೆ ಇದ್ದದ್ದೇ ಒಂದು ಬಸ್ಸು. ಮಧ್ಯಾಹ್ನದವರೆಗೆ ಅರಳೀಕಟ್ಟೆಯ ಮೇಲೆ ಕಾದು, ಅವ್ವ ಕೊನೆಗೆ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಕೆರೆ ಏರಿಯ ಮೇಲಿನ ಹಾದಿ ಹಿಡಿದಳು. ಅರ್ಧ ದಾರಿಗೇ ತಂಗಿ ರಾಗ ತೆಗೆದಳು.

"ಅವ್ವಾ, ಕಾಲು ನೋಯ್ತವೆ."

"ಇನ್ನೊಂಚೂರು ನಡಿ ಚಿನ್ನ, ಬಂದೇಬುಡ್ತು."

ಮತ್ತೆ ಸ್ವಲ್ಪ ದೂರಕ್ಕೆ ಅವಳು ಕೂತೇಬಿಟ್ಟಳು. ಅವ್ವ ಗದರಿದಳು. "ಅಕ್ಕ ನಡೀತಿಲ್ವಾ? ಹಬ್ಬದಾಗೆ ಕುಣೀವಾಗ ನೋಯ್ಲಿಲ್ವಾ ಕಾಲು?" ಕೈ ಹಿಡಿದು ಎಬ್ಬಿಸಿ, ಇನ್ನೊಂದಷ್ಟು ದೂರ ಅವಳನ್ನು ನಡೆಸಿದಳು. ಅಳು ನಿಲ್ಲಲಿಲ್ಲ. ಆಗ ಹಣೆ ಮುಟ್ಟಿ ನೋಡಿದಳು. ಮೈ ಸುಡುತ್ತಿತ್ತು. ಗಂಟನ್ನು ನನ್ನ ತಲೆಗೆ ಹೊರಿಸಿ, ತಂಗಿಯನ್ನು ಬೆನ್ನಿಗೆ ಹಾಕಿಕೊಂಡಳು. ಮನೆ ಸೇರುವಾಗ ದೀಪ ಹಚ್ಚಿದ್ದರು.

ಬೆಳಗ್ಗೆ ತಂಗಿ ಏಳಲು ಹೋದವಳು ಮಗ್ಗುಲಿಗೆ ಬಿದ್ದಳು. ಅಳಲಿಲ್ಲ. ಮತ್ತೆ ಎದ್ದಳು, ಮತ್ತೆ ಬಿದ್ದಳು. ಅದನ್ನೊಂದು ಆಟ ಎಂದುಕೊಂಡು ನಾನು ನಕ್ಕೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವಳ ಬಲಗಾಲನ್ನು ಎತ್ತಿ ನೋಡಿದಳು. ಕೈ ಬಿಟ್ಟರೆ ಕಾಲು ಒದ್ದೆ ಬಟ್ಟೆಯ ಹಾಗೆ ಕೆಳಗೆ ಬೀಳುತ್ತಿತ್ತು.

"ಗಾಳಿ ಸೋಕೈತೆ" ಎಂದಳು ಅಜ್ಜಿ. ಅಪ್ಪ ಆ ಮಾತಿಗೆ ಕಿವಿಗೊಡದೆ ಗಾಡಿ ಕಟ್ಟಿದ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿದ್ದ ಲೇಡಿ ಡಾಕ್ಟರು ತಂಗಿಯ ಮೊಣಕಾಲಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರು. ಎಡಗಾಲು ಚಿಮ್ಮಿತು. ಬಲಗಾಲು ಅಲುಗಲಿಲ್ಲ. ಅವರು "ಇದು ಪೋಲಿಯೋ ಅಮ್ಮಾ" ಎಂದು ಮೆತ್ತಗೆ ಹೇಳಿ, ಯಾವಾಗ ಜ್ವರ ಬಂತು, ಏನು ತಿಂದಳು ಎಂದೆಲ್ಲ ಕೇಳಿದರು. "ನಿನ್ನೆ ಓಡಾಡಿಕೊಂಡಿದ್ಳಾ?" ಎಂದೂ ಕೇಳಿದರು.

"ನಾನೇ ನಡೆಸ್ದೆ" ಎಂದಳು ಅವ್ವ.

ಡಾಕ್ಟರು ಅದಕ್ಕೆ ಏನೂ ಹೇಳಲಿಲ್ಲ, ಬರೆದುಕೊಂಡರು ಅಷ್ಟೆ. ಆದರೆ ಅವ್ವ ಆ ಮೌನವನ್ನೇ ತೀರ್ಪು ಎಂದು ತಿಳಿದಳು. ಅವತ್ತಿನಿಂದ ಯಾರು ಕೇಳಿದರೂ ಅವಳದು ಒಂದೇ ಉತ್ತರ. ನೆಂಟರು ಬಂದು ಮಗುವಿಗೆ ಏನಾಯಿತು ಎಂದರೆ, "ಜ್ವರದಾಗೆ ನಡೆಸ್ಬುಟ್ಟೆ ಕಣವ್ವ, ಕಾಲು ಹೋಯ್ತು" ಎನ್ನುತ್ತಿದ್ದಳು. ಕಂಬಳಿ ತುಂಡನ್ನು ಬಿಸಿನೀರಿಗೆ ಅದ್ದಿ ಹಿಂಡಿ ಕಾಲಿಗೆ ಸುತ್ತಲು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅವ್ವ ಅದನ್ನು ವರ್ಷಗಟ್ಟಲೆ ಮಾಡಿದಳು. ಸಾಲದ್ದಕ್ಕೆ ಅಜ್ಜಿ ಹೇಳಿದಂತೆ ಹರಳೆಣ್ಣೆ ತಿಕ್ಕಿದಳು. ಬಲಗಾಲು ಎಡಗಾಲಿಗಿಂತ ಸಣ್ಣದಾಗಿಯೇ ಉಳಿಯಿತು. ಬೆಂಗಳೂರಿನಲ್ಲಿ ಮಾಡಿಸಿದ ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು ತಂಗಿ ಶಾಲೆಗೆ ಬರತೊಡಗಿದಳು. ಹುಡುಗರು ಆಡಿಕೊಂಡರೆ ಅವಳು ಸುಮ್ಮನಿರುವವಳಲ್ಲ. "ಹತ್ರ ಬಾ, ಕಬ್ಬಿಣದ್ ಕಾಲಲ್ಲಿ ಒದ್ರೆ ಹೆಂಗಿರ್ತದೆ ತೋರಿಸ್ತೀನಿ" ಎನ್ನುತ್ತಿದ್ದಳು. ಯಾರೂ ಹತ್ತಿರ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಪಿಯುಸಿಗೆ ದೊಡ್ಡಬಳ್ಳಾಪುರದ ಕಾಲೇಜು ಸೇರಿದೆ. ಜೀವಶಾಸ್ತ್ರದ ಮೇಷ್ಟ್ರು ಅದೇ ಊರಿನ ನೇಕಾರರ ಮನೆಯವರು. ಒಂದು ದಿನ ಅವರು ಹಲಗೆಯ ಮೇಲೆ ಒಂದು ದೊಡ್ಡ ಜೀವಕೋಶ ಬರೆದು, ಅದರ ಪಕ್ಕ ಒಂದು ಚುಕ್ಕಿ ಇಟ್ಟು, "ಇದು ವೈರಸ್" ಎಂದರು. ಅದಕ್ಕೆ ತಾನಾಗಿ ತಿನ್ನಲು ಬಾರದು, ತಾನಾಗಿ ಬೆಳೆಯಲೂ ಬಾರದು. ಮೈಯೊಳಗೆ ಬಂದ ಮೇಲೆ ತನಗೆ ಹೊಂದುವ ಜೀವಕೋಶವನ್ನು ಹುಡುಕಿ ಅಂಟಿಕೊಂಡು ಒಳಗೆ ಸೇರುತ್ತದೆ. "ಮಗ್ಗಕ್ಕೆ ಡಿಸೈನಿನ ಅಟ್ಟೆ ಕಟ್ತೀವಲ್ಲ, ತೂತು ಹೊಡೆದಿರೋ ರಟ್ಟು? ಆ ತೂತು ಹೇಳಿದಂಗೇ ಸೀರೆ ಮೇಲೆ ಹೂವು ಬಳ್ಳಿ ಬರೋದು. ಯಾರೋ ಒಳಗೆ ಬಂದು ನಮ್ಮ ಅಟ್ಟೆ ಕಿತ್ತು ತನ್ನ ಅಟ್ಟೆ ಕಟ್ಟಿಬಿಟ್ಟ ಅನ್ಕೊಳ್ಳಿ. ಮಗ್ಗ ನಮ್ದೇ, ನೂಲು ನಮ್ದೇ. ನೇಯೋದು ಮಾತ್ರ ಅವನ ಸೀರೆ" ಎಂದರು. ಹಾಗೆ ಒಂದು ಕೋಶದೊಳಗೆ ಲೆಕ್ಕವಿಲ್ಲದಷ್ಟು ಹೊಸ ವೈರಸ್ಸುಗಳು ತಯಾರಾಗಿ, ಕೋಶ ಒಡೆದು, ಪಕ್ಕದವಕ್ಕೆ ನುಗ್ಗುತ್ತವೆ.

ಮೈ ಸುಮ್ಮನೆ ಕೂತಿರುವುದಿಲ್ಲ ಎಂದೂ ಹೇಳಿದರು. ಜ್ವರ ಅದರ ಹೋರಾಟದ ಒಂದು ಭಾಗ. ರಕ್ತದ ಬಿಳಿಯ ಕಣಗಳು ಆ ವೈರಸ್ಸಿನ ರೂಪ ಗುರುತಿಸಿ, ಅದಕ್ಕೇ ಸರಿಯಾಗಿ ಹೊಂದುವ ಪ್ರತಿಕಾಯಗಳನ್ನು ಮಾಡುತ್ತವೆ. ಅವು ವೈರಸ್ಸಿಗೆ ಅಂಟಿಕೊಂಡರೆ ಅದು ಇನ್ನೊಂದು ಕೋಶಕ್ಕೆ ಸೇರಲಾರದು. ಒಮ್ಮೆ ಗೆದ್ದ ಮೈ ಆ ರೂಪವನ್ನು ಬಹುಕಾಲ ನೆನಪಿಟ್ಟುಕೊಳ್ಳುತ್ತದೆ. ಉದಾಹರಣೆಗೆ ಪೋಲಿಯೋವನ್ನೇ ತೆಗೆದುಕೊಂಡರು. ಅದು ನೀರಿನಲ್ಲೋ ಕೈಯಲ್ಲೋ ಬಂದು ಬಾಯಿಂದ ಕರುಳು ಸೇರುತ್ತದಂತೆ. ಹೆಚ್ಚಿನ ಮಕ್ಕಳಲ್ಲಿ ಅಲ್ಲಿಗೇ ನಿಲ್ಲುತ್ತದೆ. ಸಣ್ಣ ಜ್ವರ, ಹೊಟ್ಟೆ ನೋವು, ಕೆಲವರಿಗೆ ಅದೂ ಇಲ್ಲ. ಎಲ್ಲೋ ಒಬ್ಬರಲ್ಲಿ ಮಾತ್ರ ಬೆನ್ನುಹುರಿಗೆ ಹತ್ತಿ, ಕಾಲು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ.

ಬೆಂಚಿನ ಮೇಲೆ ಕೂತಿದ್ದ ನನಗೆ ಆ ಚಾಪೆ ಕಣ್ಣ ಮುಂದೆ ಬಂತು. ನನಗೂ ಬಂದಿತ್ತು ಅದು.

ಅವತ್ತು ಸಂಜೆ ಅವ್ವ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, ಮೇಷ್ಟ್ರು ಹೇಳಿದ್ದನ್ನೆಲ್ಲ ನನ್ನ ಮಾತಲ್ಲಿ ಹೇಳಿದೆ. ಅವ್ವ ಕೈ ನಿಲ್ಲಿಸಿ ಕೇಳಿದಳು.

"ಅಂದ್ರೆ ಹಬ್ಬಕ್ಕೆ ಹೋಗೋಕ್ ಮೊದ್ಲೇ ಅದು ಒಳಗೆ ಹೊಕ್ಕಿತ್ತಾ?"

"ಹೂಂ ಅವ್ವ. ಮೊದ್ಲು ಬಂದಿದ್ದ ಜ್ವರನೇ ಅದು. ನಂಗೂ ಬಂದಿತ್ತಲ್ಲ."

"ನಿನ್ ಕಾಲಿಗೆ ಏನೂ ಆಗ್ಲಿಲ್ವಲ್ಲ."

"ನನ್ ಮೈ ಬೇಗ ತಡೀತು ಅನ್ಸುತ್ತೆ."

"ಇವ್ಳ್ ಮೈ ಯಾಕೆ ತಡೀಲಿಲ್ಲ? ನಾನು ಇಬ್ರಿಗೂ ಒಂದೇ ಥರ ಹಾಕಿದ್ದೆನಲ್ಲ ಹೊಟ್ಟೆಗೆ."

"ಅದು ಯಾರಿಗೂ ಗೊತ್ತಿಲ್ಲ ಅವ್ವ. ಮೇಷ್ಟ್ರಿಗೂ ಗೊತ್ತಿಲ್ಲ."

ಅವ್ವ ಉಳಿದ ಸೊಪ್ಪನ್ನೂ ಬಿಡಿಸಿದಳು. ಆಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಸಮಾಧಾನ ಆಯಿತೋ ಇಲ್ಲವೋ ಮುಖ ನೋಡಿ ಹೇಳುವಂತಿರಲಿಲ್ಲ. ಆದರೆ ಮುಂದಿನ ಸಲ ನೆಂಟರು ಕೇಳಿದಾಗ ಅವಳು ಹೇಳಿದ್ದು ಬೇರೆ: "ಏನೋ ವೈರಸ್ಸಂತೆ. ಇಬ್ರಿಗೂ ಬಂದಿತ್ತು. ದೊಡ್ಡೋಳು ಗೆದ್ಲು." ನಡೆಸಿದ ಮಾತು ಬರಲಿಲ್ಲ.

ಮುಂದೆ ಬಿ.ಎಸ್ಸಿ. ಓದಲು ಬೆಂಗಳೂರಿಗೆ ಹೋದೆ. ಅಲ್ಲಿನ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಪೋಲಿಯೋ ಬಗ್ಗೆ ಹುಡುಕಿ ಓದುತ್ತಿದ್ದಾಗ ಒಂದು ವಾಕ್ಯ ಎದುರಾಯಿತು. ರೋಗ ನರಕ್ಕೆ ಹತ್ತುವ ಹೊತ್ತಿನಲ್ಲಿ ಮಗು ಬಹಳ ದಣಿದರೆ ಕಾಲಿನ ಬಲ ಹೆಚ್ಚು ಹೋಗಬಹುದು ಎಂದಿತ್ತು. ಹೋಗಬಹುದು ಎಂದಿತ್ತು, ಹೋಗುತ್ತದೆ ಎಂದಿರಲಿಲ್ಲ. ನಾನು ಆ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ.

ಊರಿಗೆ ಬಂದಾಗ ಅವರೆಕಾಯಿಯ ಕಾಲ. ಜಗುಲಿಯ ಮೇಲೆ ನಾನೂ ತಂಗಿಯೂ ಕಾಯಿ ಸುಲಿಯುತ್ತಾ ಕೂತಿದ್ದೆವು. ಅವ್ವ ಹೊಲಕ್ಕೆ ಹೋಗಿದ್ದಳು. ಆಗ ತಂಗಿಗೆ ಅದನ್ನು ಹೇಳಿದೆ. ಅವಳ ಕಾಲಿನ ವಿಷಯ, ಅವಳಿಗೆ ತಿಳಿಯಬೇಕು ಎನ್ನಿಸಿತ್ತು.

ಅವಳು ಸುಲಿದ ಕಾಳನ್ನು ಮೊರಕ್ಕೆ ಹಾಕಿ ಕೇಳಿದಳು. "ಅವ್ವಂಗೆ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ ಕಣಕ್ಕ."

"ನಿಂಗೆ ಕೋಪ ಬರಲ್ವಾ?"

"ಯಾರ ಮೇಲೆ? ಬಸ್ಸಿನ ಮೇಲಾ?" ಎಂದು ನಕ್ಕಳು. ಆಮೇಲೆ ಹೇಳಿದಳು. "ಅವ್ವ ನನ್ನ ನಡೆಸಿದ್ದು ನಂಗೆ ನೆನಪೇ ಇಲ್ಲ. ಬೆನ್ನು ನೆನಪೈತೆ. ಬೆವ್ರು, ಹೂವು, ಎರಡೂ ಸೇರಿ ಒಂಥರಾ ವಾಸನೆ. ಕೆರೆ ನೀರು ಕಾಣ್ತಿತ್ತು. ನಿನ್ ತಲೆ ಮೇಲೆ ಗಂಟು ಇತ್ತು, ನೀನು ಅಳ್ತಿದ್ದೆ."

ನಾನು ಅತ್ತಿದ್ದು ನನಗೆ ನೆನಪಿರಲಿಲ್ಲ. ಆ ವಿಷಯವನ್ನು ನಾವಿಬ್ಬರೂ ಅವ್ವನ ಮುಂದೆ ಯಾವತ್ತೂ ಎತ್ತಲಿಲ್ಲ. ಅದು ಸರಿಯೇ ಎಂದು ಈಗಲೂ ಅನ್ನಿಸುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಪೋಲಿಯೋ ಹನಿ ನಮ್ಮ ಕಡೆಗೂ ಬಂತು. ತಂಗಿ ಆಗ ದೊಡ್ಡಬಳ್ಳಾಪುರದಲ್ಲಿ ಟೈಪಿಂಗ್ ಕಲಿಯುತ್ತಿದ್ದಳು. ಅಲ್ಲಿಯ ಆಸ್ಪತ್ರೆಯಲ್ಲಿ ಹನಿ ಹಾಕುತ್ತಾರೆ ಎಂಬ ಸುದ್ದಿ ತಂದವಳು ಅವಳೇ. ಅವ್ವ ಮರುದಿನವೇ, ಮಕ್ಕಳಿಗೆ ಹನಿ ಹಾಕಿಸೋಣ ಬನ್ನಿ ಎನ್ನುತ್ತಾ, ಬೀದಿಯ ಮನೆಗಳಿಗೆಲ್ಲ ಹೋದಳು. ಒಬ್ಬ ಬಾಣಂತಿ ಒಪ್ಪಲಿಲ್ಲ.

"ನನ್ ಮಗ ಗಟ್ಟಿಮುಟ್ಟಾಗವ್ನೆ, ಯಾಕೆ ಬೇಕು ಔಷ್ದಿ?"

"ನನ್ ಮಗ್ಳೂ ಗಟ್ಟಿಯಾಗೇ ಇದ್ಲು ಕಣವ್ವ" ಎಂದಳು ಅವ್ವ. ಆ ಬಾಣಂತಿಯೂ ಮಗುವನ್ನು ಎತ್ತಿಕೊಂಡು ಹೊರಟಳು.

ರಜೆಗೆ ಬಂದಿದ್ದ ನಾನೂ ಜೊತೆಗಿದ್ದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತ ತಾಯಂದಿರಿಗೆ ಅವ್ವ ವಿವರಿಸುತ್ತಿದ್ದಳು. "ಆ ರೋಗದ್ದೇ ವೈರಸ್ಸಂತೆ, ಶಕ್ತಿ ತೆಗೆದಿರ್ತಾರಂತೆ. ಅದನ್ನ ನೋಡಿ ಮೈ ಕಲ್ತ್ಕೊಳ್ಳುತ್ತಂತೆ. ನಿಜವಾದ್ದು ಬಂದಾಗ ಬಾಗ್ಲಲ್ಲೇ ಹಿಡೀತದೆ." ತಂಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅವ್ವನ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ನಮ್ಮೂರಿನ ಮಕ್ಕಳದೆಲ್ಲ ಮುಗಿದ ಮೇಲೆ ಅವ್ವ ಅಲ್ಲೇ ನಿಂತಳು. ನರ್ಸಮ್ಮ ಇನ್ನೇನು ಎಂಬಂತೆ ನೋಡಿದರು.

"ಇವಳಿಗೂ ಒಂದು ಹನಿ ಹಾಕ್ತೀರಾ?" ಎಂದು ತಂಗಿಯನ್ನು ತೋರಿಸಿದಳು.

"ದೊಡ್ಡೋರಿಗೆ ಬೇಕಿಲ್ಲಮ್ಮ. ಇವರಿಗೆ ಆಗ್ಲೇ ಬಂದು ಹೋಗಿದೆ, ಇವರ ಮೈಗೆ ಅದು ಗೊತ್ತು."

"ಗೊತ್ತು ನಂಗೆ. ಆದ್ರೂ..." ಅವ್ವ ತಂಗಿಯ ಬೆನ್ನ ಮೇಲೆ ಕೈಯಿಟ್ಟಳು.

ತಂಗಿ ಮೊಣಕಾಲ ಮೇಲೆ ಕೈಯೂರಿಕೊಂಡು ಮುಂದೆ ಹೋಗಿ, ಕುರ್ಚಿಯ ಮೇಲೆ ಕೂತು ಬಾಯಿ ತೆರೆದಳು. ನರ್ಸಮ್ಮ ಒಂದು ಕ್ಷಣ ಅವರಿಬ್ಬರನ್ನೂ ನೋಡಿದರು. ಕೊನೆಗೆ ಶೀಸೆಯ ತಳದಲ್ಲಿ ಉಳಿದಿದ್ದನ್ನು ಅವಳ ನಾಲಿಗೆಯ ಮೇಲೆ ಬಿಟ್ಟರು.

"ಹೆಂಗೈತೆ?" ಎಂದಳು ಅವ್ವ.

"ಒಂಚೂರು ಕಹಿ" ಎಂದಳು ತಂಗಿ.

ಅವ್ವ ಸೆರಗಿನಿಂದ ಅವಳ ತುಟಿ ಒರೆಸಿದಳು. ಆ ಹೊತ್ತಿಗೆ ಸಾಸಲು ಬಸ್ಸಿಗೆ ವೇಳೆಯಾಗಿತ್ತು. ನಮ್ಮೂರಿನ ಮಕ್ಕಳಲ್ಲಿ ಒಂದೊಂದನ್ನು ಒಬ್ಬೊಬ್ಬರು ಎತ್ತಿಕೊಂಡು ಹೊರಟೆವು.