ಅಮ್ಮನಿಗೆ ಹೇಳಿದ ಮೊದಲ ‘ಬೇಡ’

ತಾಯಿ ದರ್ಜಿ. ಮಗಳನ್ನು ಎಲ್ಲರೂ ಚಿಟ್ಟೆ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗಿನಿಂದ ಚಿಟ್ಟೆಗೆ ಕೈಕಾಲು ಹತೋಟಿಗೆ ಸಿಕ್ಕಿರಲಿಲ್ಲ, ಮಾತು ಬಂದಿರಲಿಲ್ಲ. ಅವಳ “ಊ”, “ಆ”ಗಳಿಗೆ ಅರ್ಥ ಹೇಳುತ್ತಿದ್ದವಳು ತಾಯಿಯೊಬ್ಬಳೇ. ಶಾಲೆಯಲ್ಲೂ ಗಾಲಿಕುರ್ಚಿಯ ಪಕ್ಕದಲ್ಲೇ ಕೂತು, ಗಿರಾಕಿಗಳ ಅಂಗಿಗೆ ಗುಂಡಿ ಹಚ್ಚುತ್ತಾ, “ಸೆಕೆ ಅಂತಿದಾಳೆ,” “ಬಾಯಾರಿದೆಯಂತೆ” ಎನ್ನುತ್ತಿದ್ದಳು.

ಚಿಟ್ಟೆ ಐದನೇ ತರಗತಿಗೆ ಬಂದಾಗ ಶಾಲೆಯವರು ಒಂದು ಯಂತ್ರ ತರಿಸಿದರು. ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ದಿಟ್ಟಿಸಿದರೆ ಅದು ಪದ ಕಟ್ಟಿ ಗಟ್ಟಿಯಾಗಿ ಓದುತ್ತಿತ್ತು. ಚಿಟ್ಟೆ ತಿಂಗಳುಗಟ್ಟಲೆ ಟೀಚರ್ ಜೊತೆ ಅಭ್ಯಾಸ ಮಾಡಿದಳು. ಇಡೀ ತರಗತಿಯ ಎದುರು ಮಾತಾಡುವ ದಿನ ತಾಯಿ ಒಂದೇ ಗುಂಡಿಯನ್ನು ಎರಡೆರಡು ಸಲ ಹಚ್ಚಿದಳು. ಯಂತ್ರ ಕೈಕೊಟ್ಟರೆ? ಮಕ್ಕಳು ನಕ್ಕರೆ? ಯಾರಿಗೂ ಹೇಳಲಾಗದ ಭಯ ಇನ್ನೊಂದಿತ್ತು: ಅದು ಚೆನ್ನಾಗಿಯೇ ಮಾತಾಡಿಬಿಟ್ಟರೆ, ತಾನ್ಯಾಕೆ ಬೇಕು?

“ಮೋಡ ಯಾಕೆ ದೊಪ್ಪಂತ ಕೆಳಗೆ ಬೀಳಲ್ಲ? ಚಿಟ್ಟೆ, ನೀನು ಹೇಳಮ್ಮ,” ಎಂದರು ಟೀಚರ್.

ಚಿಟ್ಟೆಯ ಕಣ್ಣು ಪರದೆಯ ಮೇಲೆ ಅಲೆಯಿತು, ನಿಂತಿತು, ಮತ್ತೆ ಅಲೆಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. “ಊ” ಎಂದಳು ಚಿಟ್ಟೆ. ತಾಯಿ ತಡೆಯಲಾರದೆ ಎದ್ದು ನಿಂತಳು.

“ಟೀಚರ್, ಅವಳಿಗೆ ಬಾಯಾರಿದೆ. ಸುಸ್ತಾಗಿದಾಳೆ. ಇವತ್ತಿಗೆ ಬಿಟ್ಬಿಡಿ.”

“ಬೇಡ,” ಎಂದಿತು ಯಂತ್ರ. ಸ್ವಲ್ಪ ಹೊತ್ತಿನ ನಂತರ ಮತ್ತೆ ಅಂದಿತು: “ನೀರು ಬೇಡ. ಯೋಚನೆ ಮಾಡ್ತಿದೀನಿ. ಅಮ್ಮ, ಸುಮ್ನಿರು.”

ಮಕ್ಕಳು ಗೊಳ್ಳೆಂದು ನಕ್ಕರು. ಚಿಟ್ಟೆಯೂ ಭುಜ ಕುಣಿಸಿ ನಕ್ಕಳು. ತಾಯಿ ಮುಖ ಕೆಂಪಾಗಿ ಕುಸಿದು ಕೂತಳು. ಉತ್ತರ ಕೊನೆಗೂ ಬಂತು: “ಹನಿ ತುಂಬಾ ಸಣ್ಣದು. ಗಾಳಿ ಹಿಡ್ಕೊಳ್ಳುತ್ತೆ.”

ಸಂಜೆ ಯಂತ್ರವನ್ನೂ ಮನೆಗೆ ತಂದ ಮೇಲೆ ತಾಯಿ ಹೆದರುತ್ತಲೇ ಕೇಳಿದಳು, “ಇಷ್ಟು ವರ್ಷ ಇನ್ನೇನೇನು ತಪ್ಪು ತಿಳ್ಕೊಂಡಿದ್ದೆ, ಹೇಳೇ.”

“ಹಳದಿ ಫ್ರಾಕ್. ಇಷ್ಟ ಇಲ್ಲ.”

ಆ ಬಟ್ಟೆ ಕಂಡಾಗಲೆಲ್ಲ ಮಗಳು ಕೂಗುತ್ತಿದ್ದುದನ್ನು ಖುಷಿಯೆಂದೇ ನಂಬಿ, ಪ್ರತಿ ಹುಟ್ಟುಹಬ್ಬಕ್ಕೂ ಅದನ್ನೇ ಹೊಲಿದಿದ್ದಳು ಮಹಾತಾಯಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಮತ್ತೆ ಯಾವ ಬಣ್ಣ?”

“ಕಪ್ಪು.”

“ಕಪ್ಪಾ? ಅಜ್ಜಿ ಸುಮ್ನೆ ಬಿಡ್ತಾರಾ?”

“ಅಜ್ಜಿಗೆ ನಾನೇ ಹೇಳ್ತೀನಿ.”

ಕೆಲವು ವಾರಗಳ ನಂತರ ತಾಯಿ ಮಗಳನ್ನು ಶಾಲೆಯ ಆಯಾಗೆ ಒಪ್ಪಿಸಿ ಅಂಗಡಿಗೆ ಹೋಗತೊಡಗಿದಳು. ಯಂತ್ರ ಕೆಟ್ಟ ದಿನಕ್ಕೆಂದು, ಚಿಟ್ಟೆ ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಇಲ್ಲ ಎಂಬುದನ್ನು ಪಕ್ಕದ ಬೆಂಚಿನ ಗೆಳತಿ ಕಲಿತಿದ್ದಾಳೆ. ಆದರೂ ಫೋನು ಗುಂಯ್ ಎಂದರೆ ಸಾಕು, ಹೊಲಿಗೆ ಯಂತ್ರ ತುಳಿಯುವ ತಾಯಿಯ ಕಾಲು ತಟ್ಟನೆ ನಿಂತುಬಿಡುತ್ತದೆ.