ನಮ್ಮ ಜೀಪಿನ ನೀಲಿ ಹೊಗೆ

ಗೋಳಗುಮ್ಮಟದ ಮುಂದೆ ಪೊಲೀಸಪ್ಪ ಕೈ ಅಡ್ಡ ಹಿಡಿದಾಗ ನಾನು ಕನ್ನಡಿಯಲ್ಲಿ ನೋಡಿದೆ. ಹಿಂದಿನ ರಸ್ತೆಯೇ ಕಾಣುತ್ತಿಲ್ಲ... ಬರೀ ನೀಲಿ ಹೊಗೆ.

"ಇವತ್ತೊಂದಿನ ಬಿಟ್ಟೇನಿ. ಮತ್ತ ಈ ಗಾಡಿ ಊರಾಗ ಕಂಡ್ರ ಠಾಣೇಕ ಒಯ್ತೀನಿ ನೋಡವಾ" ಅಂದರು. ಸುತ್ತ ನಿಂತವರ ಕಣ್ಣು ಮಾತ್ರ ಹೊಗೆಗಿಂತ ಹೆಚ್ಚಾಗಿ ಸ್ಟೀರಿಂಗ್ ಹಿಡಿದ ನನ್ನ ಮೇಲೆ.

ಎಪ್ಪತ್ತರ ದಶಕದ ಮಾತಿದು. ನನಗಾಗ ಇಪ್ಪತ್ತು ದಾಟಿತ್ತು. ಬಬಲೇಶ್ವರದ ಹತ್ತಿರ ನಮ್ಮ ನಿಂಬೆ ತೋಟ. ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋದ ಮೇಲೆ, ಹರಾಜಿನಲ್ಲಿ ತಂದಿದ್ದ ಹಳೇ ಪೆಟ್ರೋಲ್ ಜೀಪಿನಲ್ಲಿ ವಿಜಾಪುರದ ಪೇಟೆಗೆ ಹಣ್ಣು ಒಯ್ಯುತ್ತಿದ್ದವಳು ನಾನು.

ಓಡಿಸಲು ಕಲಿಸಿದ್ದು ಅಪ್ಪನೇ. ಪಕ್ಕದಲ್ಲಿ ಕೂತು, ಬೈದು ಬೈದು.

ಅಂದೇ ಹಣ್ಣು ಇಳಿಸಿ ಸೊಲ್ಲಾಪುರ ರಸ್ತೆಯ ಒಬ್ಬ ಗಾಡಿ ರಿಪೇರಿ ಮಿಸ್ತ್ರಿಗೆ ಜೀಪು ತೋರಿಸಿದೆ. ಆತ ಬಾನೆಟ್ ಕೂಡ ಎತ್ತಲಿಲ್ಲ. "ಪಿಸ್ಟನ್ ರಿಂಗ್ ಹೋಗ್ಯಾವ ತಂಗಿ. ಇಂಜಿನ್ ಪೂರಾ ಬಿಚ್ಚಬೇಕು. ಅದಕ್ಕಿಂತ ಮಾರೂದು ಚಲೋ" ಅಂದ.

ನಮ್ಮ ಕಾಕಾನಿಗೆ ಅಷ್ಟೇ ಸಾಕಾಯಿತು. ಅಪ್ಪನ ಈ ತಮ್ಮನಿಗೆ ನಾನು ಗಾಡಿ ಓಡಿಸುವುದು ಮೊದಲಿನಿಂದಲೂ ಕಣ್ಣಲ್ಲಿ ಕಸ ಬಿದ್ದ ಹಾಗೆ. ಮರುದಿನ ಸಂಜೆಗೇ ತಿಕೋಟಾದ ವ್ಯಾಪಾರಿಯನ್ನು ಕರೆತರುತ್ತೇನೆ ಅಂದರು.

"ಗಾಡೀನೂ ಹೋಗ್ಲಿ ಅಣ್ಣಾ, ಹುಡುಗೀನೂ ಮನ್ಯಾಗ ಕುಂಡ್ರಲಿ. ಮಂದಿ ಏನಂತಾರ?"

ಮಂದಿ! ಅದೇ ಮಂದಿ ತಮ್ಮ ಹಣ್ಣಿನ ಚೀಲವನ್ನೂ ನನ್ನ ಜೀಪಿಗೇ ಹೇರಿ ಕಳಿಸುತ್ತಿದ್ದರು. ಆಗ ಯಾರ ಬಾಯಿಂದಲೂ ಮಾತು ಬರುತ್ತಿರಲಿಲ್ಲ.

ಅಪ್ಪ ಬೇಡ ಅನ್ನದೆ ತನ್ನ ಬಲಗೈಯನ್ನೇ ನೋಡಿಕೊಂಡ. ಅದೇ ನನಗೆ ಭಯವಾಗಿದ್ದು. ಗಾಡಿ ಹೋಯಿತೆಂದರೆ ನನಗೆ ಉಳಿಯುವುದು ಒಲೆ, ಅದಾದ ಮೇಲೆ ಇನ್ನೊಬ್ಬರ ಮನೆಯ ಒಲೆ. ನಾನಂತೂ ಸುಮ್ಮನೆ ಬಿಡುವವಳಲ್ಲ.

ಬೆಳಿಗ್ಗೆ ಅಂಗಳದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಅಪ್ಪ ಹೊರಸಿನ ಮೇಲೆ ಕೂತು ನೋಡುತ್ತಿದ್ದ.

ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ ಅಂತ ಅಪ್ಪ ಹೇಳಿದ್ದು ಗೊತ್ತಿತ್ತು. ಹಾಗಾದರೆ ಇಂಜಿನ್ನಿನ ಎಣ್ಣೆ ಇಳಿದಿರಬೇಕಲ್ಲ? ಅಳತೆ ಕಡ್ಡಿ ಎಳೆದು ನೋಡಿದರೆ... ಎಲ್ಲಿ ಇರಬೇಕೋ ಅಲ್ಲೇ ಇದೆ!

ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದೆ. ಎಣ್ಣೆಯಲ್ಲಿ ತೊಯ್ದು ಹೋಗಿವೆ. ಅಂದರೆ ಎಣ್ಣೆ ಇಂಜಿನ್ನಿನದಲ್ಲ, ಹೊರಗಿನಿಂದ ಒಳಗೆ ಹೋಗುತ್ತಿದೆ. ಎಲ್ಲಿಂದ? ಒಳಗೆ ಹೋಗುವುದು ಪೆಟ್ರೋಲು ಮತ್ತು ಗಾಳಿ, ಎರಡೇ. ನಾನು ಗಾಳಿಯ ದಾರಿ ಹಿಡಿದೆ.

ಹಳೇ ಜೀಪುಗಳಲ್ಲಿ ಏರ್ ಫಿಲ್ಟರ್ ಕೆಳಗೆ ಎಣ್ಣೆಯ ಒಂದು ಬಟ್ಟಲು ಇರುತ್ತದೆ. ಗಾಳಿಯ ಧೂಳು ಆ ಎಣ್ಣೆಗೆ ಅಂಟಿ ಉಳಿಯುತ್ತದೆ. ಒಳಗೊಂದು ಗೆರೆ, ಎಣ್ಣೆ ಅಲ್ಲಿಯವರೆಗೆ ಮಾತ್ರ.

ಬಟ್ಟಲು ಸಡಿಲಿಸಿದ್ದೇ ತಡ, ಮೊಣಕೈವರೆಗೆ ಎಣ್ಣೆ ಸುರಿಯಿತು. ಅಂಚಿನವರೆಗೆ ತುಂಬಿಬಿಟ್ಟಿದ್ದಾರೆ! ಕಾಕಾನದೇ ಕಿತಾಪತಿ ಅಂತ ನನ್ನ ಮೈ ಉರಿಯಿತು.

ಅಷ್ಟರಲ್ಲಿ ಬಾಗಿಲಿಂದ ಅವ್ವ ಕೂಗಿದಳು.

"ಯಾಕ ಚೆಲ್ಲಿದೀ ಬೇ? ಅದನ್ನ ನಾನೇ ತುಂಬಸೇನಿ. ನಿಮ್ಮಪ್ಪಗ ಈಗ ಕೈ ಆಗೂದಿಲ್ಲಲ್ಲ... ಸೋಮಾರಕ್ಕೊಮ್ಮೆ ಗಾಡಿಗಿ ವಿಭೂತಿ ಹಚ್ಚಿ, ಅದಕ್ಕ ಎಣ್ಣಿ ಹಾಕ್ತೀನಿ."

"ಗೆರಿ ತನಕ ಅಷ್ಟ ಹಾಕಬೇಕವ್ವಾ!"

"ಸೋಮಾರ ದಿನ ಅರ್ಧ ಬಟ್ಟಲ ಇಡ್ತಾರೇನ? ದುಡಿಯೂ ಗಾಡಿಗಿ?"

ಅಪ್ಪ ನಕ್ಕ. ಲಕ್ವ ಹೊಡೆದ ಮೇಲೆ ಅಪ್ಪ ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು. ನನಗೆ ಅಳುವೇ ಬಂತು.

ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗೆರೆಯವರೆಗೆ ಎಣ್ಣೆ ಹಾಕಿ, ಪ್ಲಗ್ ಒರೆಸಿ ಸ್ಟಾರ್ಟ್ ಮಾಡಿದೆ. ಭುಸ್ಸೆಂದು ಮತ್ತೆ ನೀಲಿ ಹೊಗೆ.

ಒಳಗೆ ಉಳಿದದ್ದು ಸುಡಲಿ ಅಂತ ಹಟ ಹಿಡಿದು ಎಕ್ಸಲರೇಟರ್ ಒತ್ತಿಯೇ ಕೂತೆ. ಹೊಗೆ ತೆಳುವಾಗುತ್ತಾ ಬಂತು... ನಿಂತಿತು. ಜೀಪಿನ ಹಿಂದೆ ಅವ್ವನ ತುಳಸಿಕಟ್ಟೆ ನಿಚ್ಚಳವಾಗಿ ಕಾಣುತ್ತಿದೆ!

ಸಂಜೆ ಕಾಕಾ ವ್ಯಾಪಾರಿಯ ಜೊತೆ ಬಂದರು. ನಾನು ಗಾಡಿ ಸ್ಟಾರ್ಟ್ ಮಾಡಿದೆ. ಇಂಜಿನ್ನಿನ ಸದ್ದು ಕೇಳಿ, ಕಾಕಾ ಹಿಂದೆ ಹೋಗಿ ಬಗ್ಗಿ ನೋಡಿ ಬಂದರು. "ಯಾವ ಮಿಸ್ತ್ರಿ ಕಡೆ ಮಾಡಿಸಿದಿ ಅಣ್ಣಾ?"

"ಮಿಸ್ತ್ರಿ ಅಲ್ಲೇ ನಿಂತಾಳ ನೋಡು" ಅಂದ ಅಪ್ಪ. "ಮಾರೂದೋ ಬಿಡೂದೋ, ಅಕೀನ್ನ ಕೇಳು."

ಅಪ್ಪ ಹಾಗೆ ಅನ್ನುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ. ಕೈ ಇನ್ನೂ ಎಣ್ಣೆಯಲ್ಲಿ ಕಪ್ಪಗಿತ್ತು. ಒರೆಸಿಕೊಳ್ಳಲಿಲ್ಲ.

"ಮಾರೂದಿಲ್ರಿ ಕಾಕಾ. ಇಷ್ಟ ದೂರ ಬಂದೀರಿ, ಚಾ ಕುಡದು ಹೋಗ್ರಿ."

'ಇದು ನಿನ್ನ ಕೆಲಸ ಅಲ್ಲ' ಅಂದವರನ್ನು ಕೂರಿಸಿ ನೀವೂ ಚಹಾ ಕುಡಿಸಿದ್ದಿದೆಯಾ?